ನೆಟ್‌ವರ್ಕ್ ತನ್ನನ್ನು ತಾನೇ ನೋಡಿಕೊಳ್ಳಬಲ್ಲದೇ?

ಮನೆಯ ವೈಫೈ ಕೈಕೊಟ್ಟಾಗ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ: ರೂಟರಿನ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಆನ್ ಮಾಡುವುದು. ಕಸ್ಟಮರ್ ಕೇರ್‌ಗೆ ಕರೆಮಾಡಿದರೆ ಅವರು ಹೇಳುವುದೂ ಇದನ್ನೇ. ತಮಾಷೆಯೆಂದರೆ ಬಹಳಷ್ಟು ಸಲ ಈ ಮದ್ದು ಕೆಲಸಮಾಡುತ್ತದೆ! ರೂಟರ್ ಎಂಬ ಆ ಪುಟ್ಟ ಡಬ್ಬಿಯೂ ಒಂದು ಕಂಪ್ಯೂಟರೇ. ದಿನಗಟ್ಟಲೆ ಓಡುತ್ತಿದ್ದ ಹಾಗೆ ಅದರ ಮೆಮೊರಿಯಲ್ಲಿ ಹಳೆಯ ಲೆಕ್ಕಗಳು, ಮುಗಿದುಹೋದ ಸಂಪರ್ಕಗಳ ಗುರುತುಗಳು ಉಳಿದುಕೊಂಡು ಎಲ್ಲೋ ಒಂದು ಕಡೆ ಎಡವಟ್ಟಾಗುತ್ತದೆ. ವಿದ್ಯುತ್ ತಪ್ಪಿಸಿದಾಗ ಅದೆಲ್ಲ ಅಳಿಸಿಹೋಗಿ ರೂಟರ್ ಹೊಸದಾಗಿ ಕೆಲಸ ಶುರುಮಾಡುತ್ತದೆ. (ರೂಟರಿನ ಹಿಂಬದಿಯಲ್ಲಿ ಪಿನ್ನಿನಿಂದ ಒತ್ತುವ ಸಣ್ಣ ತೂತು ಇರುತ್ತದಲ್ಲ, ಅದು ಬೇರೆಯೇ ವಿಷಯ. ಅದನ್ನು ಒತ್ತಿ ಹಿಡಿದರೆ ನಾವು ಹಾಕಿಟ್ಟ ಪಾಸ್‌ವರ್ಡ್ ಸಮೇತ ಎಲ್ಲ ಸೆಟ್ಟಿಂಗುಗಳೂ ಹೋಗುತ್ತವೆ. ಗೊತ್ತಿಲ್ಲದೆ ಒತ್ತಬೇಡಿ.)

ಈ ಆಫ್-ಆನ್ ಕೆಲಸವನ್ನು ಯಂತ್ರ ತಾನೇ ಮಾಡಿಕೊಳ್ಳಬಾರದೇಕೆ? ಮಾಡಿಕೊಳ್ಳಬಹುದು, ಅನೇಕ ಉಪಕರಣಗಳು ಮಾಡಿಕೊಳ್ಳುತ್ತಲೂ ಇವೆ. ಅವುಗಳೊಳಗೆ 'ವಾಚ್‌ಡಾಗ್' ಎಂಬ ಟೈಮರ್ ಇರುತ್ತದೆ. ಮುಖ್ಯ ಪ್ರೋಗ್ರಾಮ್ ಆಗಾಗ ಈ ಕಾವಲುನಾಯಿಯ ಬೆನ್ನು ತಟ್ಟಿ 'ನಾನಿನ್ನೂ ಎಚ್ಚರವಾಗಿದ್ದೇನೆ' ಎಂದು ತಿಳಿಸುತ್ತಿರಬೇಕು. ನಿಗದಿತ ಸಮಯದೊಳಗೆ ತಟ್ಟದೆ ಹೋದರೆ ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ ಟೈಮರ್ ಇಡೀ ಉಪಕರಣವನ್ನೇ ರೀಸ್ಟಾರ್ಟ್ ಮಾಡುತ್ತದೆ. ಯಾರನ್ನೂ ಕೇಳದೆ ತನ್ನ ಕಾಯಿಲೆಗೆ ತಾನೇ ಮದ್ದು ಮಾಡಿಕೊಳ್ಳುವ ಈ ಗುಣವೇ ಸ್ವಯಂನಿರ್ವಹಣೆ. ವಾಚ್‌ಡಾಗ್ ಅದರ ತೀರಾ ಸರಳ ರೂಪ.

ಕಂಪ್ಯೂಟರ್ ನೆಟ್‌ವರ್ಕ್‌ಗಳ ಬಗ್ಗೆ ಮಾತು ಬಂದಾಗ ಎರಡು ಅಭಿಪ್ರಾಯಗಳನ್ನು ನಾವು ಪದೇಪದೇ ಕೇಳುತ್ತೇವೆ. ಇಂಟರ್‌ನೆಟ್ ಹೇಗೂ ತಾನಾಗಿಯೇ ನಡೆಯುವ ಯಂತ್ರ, ಅದರ ಹಿಂದೆ ಯಾರೂ ಕೂತಿರುವುದಿಲ್ಲ ಎನ್ನುವುದು ಒಂದು. ಕೃತಕ ಬುದ್ಧಿಮತ್ತೆ ಬಂದ ಮೇಲೆ ನೆಟ್‌ವರ್ಕ್ ನೋಡಿಕೊಳ್ಳಲು ಮನುಷ್ಯರೇ ಬೇಕಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ಸತ್ಯವಿದೆ, ಎರಡೂ ಪೂರ್ತಿ ನಿಜವಲ್ಲ. ತರಕಾರಿ ಗಾಡಿಯವರೂ ಯುಪಿಐನಲ್ಲಿ ದುಡ್ಡು ತೆಗೆದುಕೊಳ್ಳುವ ಕಾಲ ಇದು. ಆಸ್ಪತ್ರೆಯ ವರದಿ, ರೈಲಿನ ಟಿಕೆಟ್, ಆಂಬುಲೆನ್ಸ್‌ಗೆ ಮಾಡುವ ಕರೆ ಎಲ್ಲವೂ ಯಾವುದೋ ನೆಟ್‌ವರ್ಕ್ ಮೇಲೆಯೇ ಹೋಗುತ್ತವೆ. ಬೆಂಗಳೂರಿನಲ್ಲಂತೂ ರಾತ್ರಿಪಾಳಿಯಲ್ಲಿ ಕೂತು ದೂರದೇಶದ ಸಂಸ್ಥೆಗಳ ನೆಟ್‌ವರ್ಕ್ ಕಾಯುವುದೇ ಅನೇಕ ಯುವಕ ಯುವತಿಯರ ಹೊಟ್ಟೆಪಾಡು. ಹಾಗಾಗಿ ನೆಟ್‌ವರ್ಕ್ ತನ್ನನ್ನು ತಾನು ಎಷ್ಟರಮಟ್ಟಿಗೆ ನೋಡಿಕೊಳ್ಳಬಲ್ಲದು, ಎಲ್ಲಿ ಮುಗ್ಗರಿಸುತ್ತದೆ ಎನ್ನುವುದನ್ನು ತುಸು ವಿವರವಾಗಿಯೇ ನೋಡೋಣ.

ಕಾಯುವವರು ಮಾಡುವುದೇನು?

ಒಂದು ಬ್ಯಾಂಕನ್ನು ಊಹಿಸಿಕೊಳ್ಳಿ. ಅದರ ಪ್ರತಿ ಶಾಖೆಯಲ್ಲೂ ಒಂದು ರೂಟರ್, ಒಂದೆರಡು ಸ್ವಿಚ್ಚುಗಳು, ಹೊರಗಿನವರು ನುಗ್ಗದಂತೆ ತಡೆಯುವ ಫೈರ್‌ವಾಲ್, ಜೊತೆಗೆ ಎಟಿಎಂಗಳು. ಸಾವಿರ ಶಾಖೆಗಳಿದ್ದರೆ ಇಂಥ ಹಲವು ಸಾವಿರ ಉಪಕರಣಗಳಾದವು. ಇವುಗಳಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ, ಯಾವ ದಾರಿಯಲ್ಲಿ ದಟ್ಟಣೆಯಾಗಿದೆ, ಯಾವುದರ ಸಾಫ್ಟ್‌ವೇರ್ ಹಳತಾಗಿದೆ, ಯಾರು ಕಳ್ಳಗಿಂಡಿಯಲ್ಲಿ ಇಣುಕುತ್ತಿದ್ದಾರೆ ಎನ್ನುವುದನ್ನೆಲ್ಲ ಯಾರಾದರೂ ಗಮನಿಸುತ್ತಿರಬೇಕು. ಹೊಸ ಶಾಖೆ ತೆರೆದಾಗ ಅದಕ್ಕೆ ವಿಳಾಸ ಕೊಡಬೇಕು, ಮುಚ್ಚಿದಾಗ ಕಿತ್ತುಹಾಕಬೇಕು.

ಇದಕ್ಕೆ ಬಳಸುವ ಸಾಧನಗಳಲ್ಲಿ ಕೆಲವು ಅಚ್ಚರಿಯಾಗುವಷ್ಟು ಹಳೆಯವು. 'ಪಿಂಗ್' ಎಂಬ ಪುಟ್ಟ ತಂತ್ರಾಂಶವನ್ನು ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದು ಕಳಿಸಿ ಪ್ರತಿಧ್ವನಿಗೆ ಕಾಯುತ್ತದಲ್ಲ, ಹಾಗೆಯೇ ಪಿಂಗ್ ಇನ್ನೊಂದು ಕಂಪ್ಯೂಟರಿನತ್ತ ಚಿಕ್ಕದೊಂದು ಸಂದೇಶ ಕಳಿಸಿ ಉತ್ತರ ಬರುವುದನ್ನು ಕಾಯುತ್ತದೆ. ಹೆಸರು ಬಂದದ್ದೂ ಅಲ್ಲಿಂದಲೇ. 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ಒಂದು ಹೆಜ್ಜೆ ಮುಂದೆ ಹೋಗಿ, ಬೇರೆಬೇರೆ ಕಂಪನಿಗಳ ಉಪಕರಣಗಳೆಲ್ಲ ತಮ್ಮ ಕುಶಲವನ್ನು ಒಂದೇ ಭಾಷೆಯಲ್ಲಿ ಹೇಳುವಂತೆ ಮಾಡಿತು. ಇವತ್ತಿಗೂ ಇವೆರಡೂ ಬಳಕೆಯಲ್ಲಿವೆ.

ತೊಂದರೆ ಇರುವುದು ಮಾಹಿತಿಯ ಕೊರತೆಯಲ್ಲಲ್ಲ, ಅತಿಯಲ್ಲಿ. ಎಲ್ಲೋ ಒಂದು ಮುಖ್ಯ ಕೇಬಲ್ ತುಂಡಾಯಿತು ಎನ್ನಿ. ಅದರಾಚೆಗಿನ ಒಂದೊಂದು ಉಪಕರಣದ ಹೆಸರಿನಲ್ಲೂ 'ಸಂಪರ್ಕ ಹೋಯಿತು' ಎಂಬ ಎಚ್ಚರಿಕೆ ಬರುತ್ತದೆ. ಆಗಿರುವುದು ಒಂದೇ ಕೆಡುಕು, ಪರದೆಯ ಮೇಲೆ ಕೆಂಪಾಗುವುದು ನೂರಾರು ಚುಕ್ಕೆಗಳು. ಬೀದಿಯ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದಾಗ ಪ್ರತಿ ಮನೆಯವರೂ ಲೈನ್‌ಮ್ಯಾನ್‌ಗೆ ಫೋನ್ ಮಾಡಿದ ಹಾಗೆ. ಎಲ್ಲ ದೂರುಗಳೂ ನಿಜ, ಆದರೆ ಅವರಿಗೆ ಬೇಕಾದದ್ದು ಯಾವ ಕಂಬ ಎನ್ನುವ ಒಂದೇ ಮಾಹಿತಿ.

ಇನ್ನೊಂದು ತೊಂದರೆ ಬೆರಳ ತುದಿಯದು. ಉಪಕರಣಗಳಿಗೆ ಆದೇಶ ಕೊಡುವುದನ್ನು ಬಹುಕಾಲ ಒಂದೊಂದೇ ಸಾಲು ಟೈಪ್ ಮಾಡಿ ಮಾಡಲಾಗುತ್ತಿತ್ತು, ಈಗಲೂ ಅನೇಕ ಕಡೆ ಹಾಗೆಯೇ. ನೂರಾರು ಕಿಲೋಮೀಟರ್ ದೂರದ ರೂಟರಿಗೆ ತಪ್ಪು ಆದೇಶ ಕೊಟ್ಟರೆ, ಆ ರೂಟರನ್ನು ತಲುಪುವ ದಾರಿಯೇ ಮುಚ್ಚಿಹೋಗಬಹುದು. ಕೂತ ಕೊಂಬೆಯನ್ನೇ ಕಡಿದ ಹಾಗೆ! ಇದಕ್ಕೆ ಹಳೆಯ ಎಂಜಿನಿಯರುಗಳು ಒಂದು ಉಪಾಯ ಕಂಡುಕೊಂಡಿದ್ದರು. ಅಪಾಯದ ಆದೇಶ ಕೊಡುವ ಮೊದಲು 'ಹತ್ತು ನಿಮಿಷದಲ್ಲಿ ರೀಸ್ಟಾರ್ಟ್ ಆಗು' ಎಂದು ರೂಟರಿಗೆ ಹೇಳಿಡುವುದು. ಎಲ್ಲ ಸರಿಹೋದರೆ ಆ ಮಾತನ್ನು ರದ್ದುಮಾಡಿದರಾಯಿತು. ಸಂಪರ್ಕ ತಪ್ಪಿಹೋದರೆ ರೂಟರ್ ತಾನೇ ಎದ್ದು ಉಳಿಸಿಟ್ಟ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ಜುನಿಪರ್ ಕಂಪನಿಯ ರೂಟರುಗಳಲ್ಲಿ ಇದೇ ಉಪಾಯ ಒಂದು ಅಧಿಕೃತ ಸೌಲಭ್ಯವಾಗಿ ಸೇರಿದೆ: ಬದಲಾವಣೆ ಮಾಡಿದವರು ಹತ್ತು ನಿಮಿಷದೊಳಗೆ ಮತ್ತೊಮ್ಮೆ 'ಹೌದು' ಎನ್ನದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಯಂತ್ರ ಮತ್ತು ಮನುಷ್ಯರ ನಡುವೆ ಇದಕ್ಕಿಂತ ಮರ್ಯಾದೆಯ ಒಪ್ಪಂದವನ್ನು ನಾವು ಕಂಡಿಲ್ಲ.

ಸ್ವಯಂನಿರ್ವಹಣೆ ಹೊಸದೇನಲ್ಲ

'ಇಂಟರ್‌ನೆಟ್ ತಾನಾಗಿ ನಡೆಯುತ್ತದೆ' ಎನ್ನುವವರ ಮಾತಿನಲ್ಲಿರುವ ಸತ್ಯ ಇದು: ಒಂದು ಮಟ್ಟದಲ್ಲಿ ಅದು ಮೊದಲಿನಿಂದಲೂ ಹಾಗೆಯೇ ಇದೆ. ಇಂಟರ್‌ನೆಟ್‌ನ ಪೂರ್ವಜ ಎನ್ನಬಹುದಾದ ಅರ್ಪಾನೆಟ್ 1969ರಲ್ಲಿ ಶುರುವಾದಾಗಲೇ ಅದರ ವಿನ್ಯಾಸದಲ್ಲಿ, ಒಂದು ದಾರಿ ಕಡಿದುಹೋದರೆ ಸಂದೇಶಗಳು ಇನ್ನೊಂದು ದಾರಿ ಹಿಡಿದು ಹೋಗಬೇಕು ಎನ್ನುವ ಯೋಚನೆಯಿತ್ತು. ಯಾವ ದಾರಿ ಎಂದು ಪ್ರತಿ ಸಲ ಯಾರೋ ಕೂತು ಹೇಳಿಕೊಡುವುದಿಲ್ಲ. ರೂಟರುಗಳೇ ಪರಸ್ಪರ ಮಾತನಾಡಿಕೊಂಡು ತೀರ್ಮಾನಿಸುತ್ತವೆ. ನಮ್ಮ ಫೋನ್ ಹೊಸ ವೈಫೈಗೆ ಸೇರಿದೊಡನೆ ಅದಕ್ಕೊಂದು ವಿಳಾಸ ಸಿಗುವುದೂ ಹೀಗೆಯೇ. ಒಂದು ಕಾಲದಲ್ಲಿ ಆ ವಿಳಾಸವನ್ನು ಪ್ರತಿ ಕಂಪ್ಯೂಟರಿನಲ್ಲೂ ಕೈಯಾರೆ ಬರೆಯಬೇಕಿತ್ತು.

ಇದಕ್ಕಿಂತ ಸ್ವಾರಸ್ಯದ ಘಟನೆ 1986ರ ಅಕ್ಟೋಬರ್‌ನದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಇರುವ ಅಂತರ ನಾನೂರು ಗಜ. ಎರಡರ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ವೇಗದಲ್ಲಿ ಹರಿಯಬೇಕಿದ್ದ ಮಾಹಿತಿ ಇದ್ದಕ್ಕಿದ್ದಂತೆ ಸೆಕೆಂಡಿಗೆ 40 ಬಿಟ್‌ಗೆ ಇಳಿಯಿತು. ಕೇಬಲ್ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿಯಲ್ಲಿ ದಟ್ಟಣೆಯಾಗಿ ಕೆಲವು ಪ್ಯಾಕೆಟ್‌ಗಳು ತಲುಪಲಿಲ್ಲ. ತಲುಪಲಿಲ್ಲವೆಂದು ಕಳಿಸಿದವರು ಮತ್ತೆ ಕಳಿಸಿದರು. ಅದರಿಂದ ದಟ್ಟಣೆ ಹೆಚ್ಚಿತು, ಇನ್ನಷ್ಟು ಪ್ಯಾಕೆಟ್‌ಗಳು ಕಳೆದುಹೋದವು, ಮತ್ತಷ್ಟು ಮರುಕಳಿಕೆ! ಜಂಕ್ಷನ್ನಿನಲ್ಲಿ ಟ್ರಾಫಿಕ್ ಸಿಕ್ಕಿಕೊಂಡಾಗ ಎಲ್ಲರೂ ಹಾರ್ನ್ ಹೊಡೆಯುತ್ತ ಮುಂದೆ ನುಗ್ಗಿ ಒಬ್ಬರೂ ಮುಂದೆ ಹೋಗಲಾಗದ ಹಾಗೆ.

ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಇದನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಪರಿಹಾರದಲ್ಲಿ ಟ್ರಾಫಿಕ್ ಪೊಲೀಸರಿಗೆ ಜಾಗವೇ ಇರಲಿಲ್ಲ. ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆ ಎಂದು ತಿಳಿ, ಕಳಿಸುವ ಪ್ರಮಾಣವನ್ನು ತಕ್ಷಣ ಇಳಿಸು, ದಾರಿ ಸುಗಮವಾದಂತೆ ನಿಧಾನವಾಗಿ ಹೆಚ್ಚಿಸು ಎಂದು ಅವರು ಪ್ರತಿ ಕಂಪ್ಯೂಟರಿಗೂ ಕಲಿಸಿದರು. ಪ್ರತಿಯೊಂದೂ ತನ್ನ ಪಾಡಿಗೆ ಈ ಶಿಸ್ತು ಪಾಲಿಸಿದರೆ ಒಟ್ಟು ಜಾಲ ನೆಟ್ಟಗಿರುತ್ತದೆ. ನೀವು ಈ ಬರಹವನ್ನು ಓದುತ್ತಿರುವ ಫೋನಿನೊಳಗೂ ಆ ಯೋಚನೆಯ ಮೊಮ್ಮಕ್ಕಳು ಕೆಲಸ ಮಾಡುತ್ತಿವೆ.

ಮೈಯಿಂದ ಕಲಿತ ಪಾಠ

2001ರ ಹೊತ್ತಿಗೆ ಐಬಿಎಂ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ಹಾರ್ನ್ ಈ ಯೋಚನೆಗೆ ಒಂದು ದೊಡ್ಡ ಹೆಸರು ಕೊಟ್ಟರು: ಅಟಾನಮಿಕ್ ಕಂಪ್ಯೂಟಿಂಗ್. ಹೆಸರು ಬಂದದ್ದು ನಮ್ಮ ದೇಹದಿಂದ. ಮೆಟ್ಟಿಲು ಹತ್ತುವಾಗ ಹೃದಯ ಬೇಗಬೇಗ ಬಡಿದುಕೊಳ್ಳಬೇಕೆಂದು ನಾವು ಹೇಳಿಕೊಡುವುದಿಲ್ಲ. ಬಿಸಿಲಿಗೆ ಬಂದಾಗ ಕಣ್ಣಿನ ಪಾಪೆ ಕಿರಿದಾಗುವುದೂ ಮೈ ಬೆವರುವುದೂ ನಮ್ಮನ್ನು ಕೇಳಿ ನಡೆಯುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಸ್ವಾಯತ್ತ ನರಮಂಡಲ ಇರುವುದರಿಂದಲೇ ನಮಗೆ ಬೇರೆ ವಿಷಯ ಯೋಚಿಸಲು ಪುರಸೊತ್ತು. ಕಂಪ್ಯೂಟರ್ ವ್ಯವಸ್ಥೆಗಳು ಎಷ್ಟು ಜಟಿಲವಾಗುತ್ತಿವೆಯೆಂದರೆ ಅವನ್ನು ನೋಡಿಕೊಳ್ಳಲು ಸಾಕಷ್ಟು ನುರಿತ ಜನರೇ ಸಿಗಲಾರರು, ಆದ್ದರಿಂದ ಅವುಗಳಿಗೂ ಇಂಥದ್ದೊಂದು ನರಮಂಡಲ ಬೇಕು ಎನ್ನುವುದು ಅವರ ವಾದವಾಗಿತ್ತು. ತನ್ನನ್ನು ತಾನು ಜೋಡಿಸಿಕೊಳ್ಳುವುದು, ಚುರುಕುಮಾಡಿಕೊಳ್ಳುವುದು, ವಾಸಿಮಾಡಿಕೊಳ್ಳುವುದು, ಕಾಪಾಡಿಕೊಳ್ಳುವುದು ಇವು ನಾಲ್ಕು ಅಂಥ ವ್ಯವಸ್ಥೆಯ ಲಕ್ಷಣಗಳೆಂದು ಗುರುತಿಸಲಾಯಿತು.

ಇದರ ತಿರುಳು ಒಂದು ಚಕ್ರ. ಮೊದಲು ಗಮನಿಸು, ಕಂಡದ್ದರ ಅರ್ಥವೇನೆಂದು ವಿಶ್ಲೇಷಿಸು, ಏನು ಮಾಡಬೇಕೆಂದು ಯೋಜಿಸು, ಮಾಡು, ಮತ್ತೆ ಗಮನಿಸು. ಫ್ರಿಜ್ಜಿನ ಥರ್ಮೋಸ್ಟಾಟ್ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಫ್ರಿಜ್ ಗಮನಿಸಬೇಕಾದದ್ದು ಒಂದೇ ಸಂಖ್ಯೆಯನ್ನು, ನೆಟ್‌ವರ್ಕ್ ಗಮನಿಸಬೇಕಾದದ್ದು ಲಕ್ಷಾಂತರ ಸಂಖ್ಯೆಗಳನ್ನು. ಅಷ್ಟೇ ಅಲ್ಲ, ನೆಟ್‌ವರ್ಕಿನ ಸ್ಥಿತಿಯನ್ನು ತಿಳಿಸುವ ಸಂದೇಶಗಳೂ ಅನೇಕ ಸಲ ಅದೇ ನೆಟ್‌ವರ್ಕಿನ ಮೇಲೆಯೇ ಬರಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಂದಿನ ದೊಡ್ಡ ಬದಲಾವಣೆ ರೂಟರುಗಳ ಬುದ್ಧಿಯನ್ನು ಒಂದೆಡೆ ಕಲೆಹಾಕುವುದು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಮತ್ತವರ ಸಂಗಡಿಗರು 2008ರಲ್ಲಿ ಮುಂದಿಟ್ಟ ಓಪನ್‌ಫ್ಲೋ, ಒಂದೊಂದು ಡಬ್ಬಿಗೂ ಬೇರೆಬೇರೆಯಾಗಿ ಆದೇಶ ಕೊಡುವ ಬದಲು ಇಡೀ ಜಾಲವನ್ನು ಮೇಲಿನಿಂದ ಕಾಣುವ ಒಂದು ತಂತ್ರಾಂಶವೇ ದಾರಿಗಳನ್ನು ನಿರ್ಧರಿಸುವುದನ್ನು ಸಾಧ್ಯವಾಗಿಸಿತು. ಇದರ ಲಾಭವೇನೆಂದು ಗೂಗಲ್ 2013ರಲ್ಲಿ ತೋರಿಸಿತು. ದೂರದೂರದ ಸಂಪರ್ಕಗಳನ್ನು ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಮಾತ್ರ ಬಳಸಿ, ಮಿಕ್ಕಿದ್ದನ್ನು ಆಪತ್ಕಾಲಕ್ಕೆಂದು ಖಾಲಿ ಬಿಡುವುದು ರೂಢಿ. ತನ್ನ ಡೇಟಾ ಕೇಂದ್ರಗಳ ನಡುವಿನ ಜಾಲದಲ್ಲಿ ಕೆಲವು ಸಂಪರ್ಕಗಳು ಹೆಚ್ಚುಕಡಿಮೆ ಪೂರ್ತಿ ತುಂಬಿ ಹರಿಯುತ್ತಿವೆಯೆಂದು, ದೀರ್ಘಾವಧಿಯ ಸರಾಸರಿ ಶೇ. 70 ಇದೆಯೆಂದು ಗೂಗಲ್ ಹೇಳಿಕೊಂಡಿತು. ಕೈಯಿಂದ ಮಾಡಿ ಮುಗಿಸಲಾಗದ ಲೆಕ್ಕಾಚಾರ ಇದು. ಮೊಬೈಲ್ ಜಾಲಗಳಲ್ಲೂ ಅಷ್ಟೇ. ಹೊಸ ಟವರ್ ಎದ್ದಾಗ ಅಕ್ಕಪಕ್ಕದ ಟವರುಗಳು ಯಾವುವೆಂದು ಅದೇ ಕಂಡುಕೊಂಡು ಪಟ್ಟಿಮಾಡಿಕೊಳ್ಳುವ ವ್ಯವಸ್ಥೆ 4ಜಿಯ ಮಾನಕಗಳಲ್ಲೇ ಇದೆ. ಎಚ್ಚರಿಕೆಗಳ ರಾಶಿಯಲ್ಲಿ ಒಂದೇ ಮೂಲದವನ್ನು ಗುಂಪುಮಾಡಿ ತೋರಿಸುವ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆಯೂ ಕೈಜೋಡಿಸಿದೆ. ನಮ್ಮ ಲೈನ್‌ಮ್ಯಾನ್‌ಗೆ ಯಾವ ಕಂಬ ಎಂದು ಹೇಳುವ ಸಹಾಯಕ ಸಿಕ್ಕಂತೆ ಎನ್ನಬಹುದು.

ನಿಯಮ ತಪ್ಪದೆ ಕೆಟ್ಟ ಕಥೆಗಳು

ಹಾಗಾದರೆ ಸಮಸ್ಯೆ ಎಲ್ಲಿ? ಯಂತ್ರ ಕೆಟ್ಟುನಿಂತರೆ ಅದನ್ನು ಗುರುತಿಸುವುದು ಸುಲಭ. ಯಂತ್ರ ತನಗೆ ಹೇಳಿದ್ದನ್ನು ಅಚ್ಚುಕಟ್ಟಾಗಿ ಪಾಲಿಸುತ್ತಲೇ ಎಲ್ಲವನ್ನೂ ಕೆಡಿಸುವುದು ನಿಜವಾದ ತಲೆನೋವು.

1980ರ ಅಕ್ಟೋಬರ್ 27ರಂದು ಇಡೀ ಅರ್ಪಾನೆಟ್ ಹಲವು ಗಂಟೆ ಕಾಲ ನಿಂತುಹೋಯಿತು. ಅದರ ಒಂದೊಂದು ಯಂತ್ರವೂ ತನ್ನ ಸುತ್ತಲ ದಾರಿಗಳ ಸ್ಥಿತಿಯನ್ನು ಆಗಾಗ ಎಲ್ಲರಿಗೂ ಸಾರುತ್ತಿತ್ತು. ಯಾವ ಸುದ್ದಿ ಹೊಸದೆಂದು ತಿಳಿಯಲು ಪ್ರತಿ ಸುದ್ದಿಗೂ 0ರಿಂದ 63ರವರೆಗಿನ ಕ್ರಮಸಂಖ್ಯೆ. 63 ಆದ ಮೇಲೆ ಗಡಿಯಾರದಂತೆ ಮತ್ತೆ 0. ಹೊಸ ಸುದ್ದಿ ಬಂದರೆ ಹಳೆಯದನ್ನು ಬಿಟ್ಟು, ಹೊಸದನ್ನು ಪಕ್ಕದವರಿಗೆ ದಾಟಿಸಬೇಕು. ಆ ದಿನ ಒಂದು ಯಂತ್ರದ ಮೆಮೊರಿಯಲ್ಲಿ ಬಿಟ್‌ಗಳು ಉದುರಿಹೋಗಿ ಒಂದೇ ಸುದ್ದಿಗೆ 44, 40 ಮತ್ತು 8 ಎಂಬ ಮೂರು ಸಂಖ್ಯೆಗಳಾದವು. ಮೂರರಲ್ಲಿ ಯಾವುದು ಹೊಸದು? ನಿಯಮದ ಪ್ರಕಾರ 40 ಎನ್ನುವುದು 8ಕ್ಕಿಂತ ಹೊಸದು, 44 ಎನ್ನುವುದು 40ಕ್ಕಿಂತ ಹೊಸದು. ಆದರೆ ಸಂಖ್ಯೆಗಳು ಸುತ್ತಿ ಬರುವುದರಿಂದ 8 ಎನ್ನುವುದು 44ಕ್ಕಿಂತ ಹೊಸದು! ಹಾಗಾಗಿ ಪ್ರತಿ ಯಂತ್ರವೂ ಬಂದ ಪ್ರತಿ ಸುದ್ದಿಯನ್ನೂ ತಾಜಾ ಎಂದು ನಂಬಿ ಪಕ್ಕದವರಿಗೆ ದಾಟಿಸುತ್ತಲೇ ಹೋಯಿತು. ಈ ಕೆಲಸಕ್ಕೆ ಬೇರೆಲ್ಲದಕ್ಕಿಂತ ಹೆಚ್ಚಿನ ಆದ್ಯತೆ ಇದ್ದದ್ದರಿಂದ ಬೇರೆ ಯಾವ ಸಂದೇಶಕ್ಕೂ ಎಡೆಯಿಲ್ಲದಾಯಿತು. ಕೆಟ್ಟದ್ದು ಒಂದು ಯಂತ್ರ, ನಿಷ್ಠೆಯಿಂದ ಕೆಡುಕು ಹಂಚಿದ್ದು ಉಳಿದೆಲ್ಲ. ಒಂದೆರಡನ್ನು ರೀಸ್ಟಾರ್ಟ್ ಮಾಡಿಯೂ ಪ್ರಯೋಜನವಿರಲಿಲ್ಲ, ಎದ್ದೊಡನೆ ಪಕ್ಕದಿಂದ ಅದೇ ಸೋಂಕು ಬರುತ್ತಿತ್ತು.

ನಲವತ್ತೊಂದು ವರ್ಷದ ಬಳಿಕ, 2021ರ ಅಕ್ಟೋಬರ್ 4ರಂದು, ಫೇಸ್‌ಬುಕ್, ವಾಟ್ಸ್‌ಆಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಕಾಲ ಮಾಯವಾದದ್ದು ನಿಮಗೆ ನೆನಪಿರಬಹುದು. ಮಾಮೂಲು ಪರಿಶೀಲನೆಗೆಂದು ಕೊಟ್ಟ ಒಂದು ಆದೇಶ ಆ ಸಂಸ್ಥೆಯ ಡೇಟಾ ಕೇಂದ್ರಗಳನ್ನು ಬೆಸೆಯುವ ಜಾಲವನ್ನೇ ಕಡಿದುಹಾಕಿತು. ಇಂಥ ಆದೇಶಗಳನ್ನು ತಡೆಯಲೆಂದೇ ಇದ್ದ ತಂತ್ರಾಂಶದಲ್ಲಿ ದೋಷವಿದ್ದು ಅದು ತಡೆಯಲಿಲ್ಲ. ಆಮೇಲೆ ನಡೆದದ್ದು ಹೆಚ್ಚು ಸ್ವಾರಸ್ಯಕರ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಅದರ ಡಿಎನ್‌ಎಸ್ ಸರ್ವರುಗಳಿಗೆ ಒಂದು ಜಾಣತನ ಕಲಿಸಲಾಗಿತ್ತು: ಡೇಟಾ ಕೇಂದ್ರದ ಜೊತೆ ಮಾತು ನಿಂತರೆ ನನ್ನಲ್ಲೇ ಏನೋ ತೊಂದರೆಯಿದೆ ಎಂದುಕೊಂಡು, ನನ್ನ ಬಳಿ ಯಾರೂ ಬರಬೇಡಿ ಎಂದು ಜಗತ್ತಿಗೆ ಸಾರಿಬಿಡುವುದು. ಒಂದು ಸರ್ವರ್ ಕೆಟ್ಟಾಗ ಇದು ಒಳ್ಳೆಯ ನಡವಳಿಕೆ, ಜನ ಪಕ್ಕದ ಸರ್ವರಿಗೆ ಹೋಗುತ್ತಾರೆ. ಎಲ್ಲ ಸರ್ವರುಗಳೂ ಏಕಕಾಲಕ್ಕೆ ಹೀಗೆ ಬಾಗಿಲು ಹಾಕಿಕೊಂಡಾಗ ಫೇಸ್‌ಬುಕ್ ಎಂಬ ಹೆಸರೇ ಇಂಟರ್‌ನೆಟ್‌ನಿಂದ ಅಳಿಸಿಹೋಯಿತು. ಸರಿಪಡಿಸುವ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿದ್ದರಿಂದ ಎಂಜಿನಿಯರುಗಳು ಡೇಟಾ ಕೇಂದ್ರಗಳಿಗೆ ಖುದ್ದಾಗಿ ಹೋಗಬೇಕಾಯಿತು. ಕಳ್ಳರು ಒಳಗೆ ಬರದಂತೆ ಕಟ್ಟಿದ ಆ ಕಟ್ಟಡಗಳಲ್ಲಿ ರಿಪೇರಿಗೆ ಬಂದವರಿಗೂ ಬೇಗ ಒಳಗೆ ಹೋಗುವುದು ಕಷ್ಟವಾಯಿತು.

2025ರ ಅಕ್ಟೋಬರ್ 19-20ರಂದು ಅಮೆಜಾನ್‌ನ ಕ್ಲೌಡ್ ಸೇವೆ ಅಮೆರಿಕದ ವರ್ಜೀನಿಯಾದಲ್ಲಿ ಮುಗ್ಗರಿಸಿದ ಪರಿಣಾಮ ಜಗತ್ತಿನಾದ್ಯಂತ ಅನೇಕ ಆಪ್‌ಗಳು ಸ್ತಬ್ಧವಾದವು. ಅಲ್ಲಿ ಮನುಷ್ಯರ ತಪ್ಪು ಆದೇಶವೂ ಇರಲಿಲ್ಲ. ವಿಳಾಸದ ಪಟ್ಟಿಯನ್ನು ಹೊಸದಾಗಿಡುತ್ತಿದ್ದ ಸ್ವಯಂಚಾಲಿತ ತಂತ್ರಾಂಶದ ಎರಡು ಪ್ರತಿಗಳ ನಡುವೆ ಮೇಲಾಟವಾಯಿತು. ತಡವಾಗಿ ಓಡುತ್ತಿದ್ದ ಒಂದು ಪ್ರತಿ ಹೊಸ ಪಟ್ಟಿಯ ಮೇಲೆ ಹಳೆಯದನ್ನು ಬರೆಯಿತು. ಇನ್ನೊಂದು ಪ್ರತಿ ಹಳೆಯದನ್ನೆಲ್ಲ ಗುಡಿಸಿಹಾಕುವ ತನ್ನ ಕೆಲಸ ಮಾಡಿತು. ಉಳಿದದ್ದು ಖಾಲಿ ಪಟ್ಟಿ. ಅದನ್ನು ತಾನೇ ಸರಿಪಡಿಸಿಕೊಳ್ಳಲಾರದೆ ವ್ಯವಸ್ಥೆ ಮನುಷ್ಯರ ಕೈಗಾಗಿ ಕಾಯಬೇಕಾಯಿತು.

ಮನಸ್ಸಿಗೆ ಹೆಚ್ಚು ನಾಟುವುದು ಕೆನಡಾದ ಪ್ರಸಂಗ. 2022ರ ಜುಲೈ 8ರಂದು ಅಲ್ಲಿನ ದೊಡ್ಡ ದೂರಸಂಪರ್ಕ ಸಂಸ್ಥೆ ರೋಜರ್ಸ್‌ನ ಜಾಲ ಕುಸಿದು 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ ಎನ್ನುವಂತಾಯಿತು. ದೇಶದಾದ್ಯಂತ ಡೆಬಿಟ್ ಕಾರ್ಡ್ ಪಾವತಿಗೂ ಪೆಟ್ಟುಬಿತ್ತು. ಆಪತ್ತಿನಲ್ಲಿ ಕರೆಮಾಡಬೇಕಾದ 911 ಸಂಖ್ಯೆಯೂ ಆ ಜಾಲದ ಅನೇಕರಿಗೆ ಸಿಗಲಿಲ್ಲ. ಕಾರಣ, ಏಳು ಹಂತಗಳ ಮಾರ್ಪಾಡಿನ ಆರನೆಯ ಹಂತದಲ್ಲಿ ರೂಟರಿನಿಂದ ಒಂದು ಸೋಸುವ ನಿಯಮವನ್ನು ತೆಗೆದದ್ದು. ಮಾಹಿತಿಯ ಪ್ರವಾಹ ಉಕ್ಕಿ ಮುಖ್ಯ ರೂಟರುಗಳು ಉಸಿರುಕಟ್ಟಿದವು. ಈ ಮಾರ್ಪಾಡು ಶುರುವಾದಾಗ ಅದಕ್ಕೆ 'ಹೆಚ್ಚಿನ ಅಪಾಯ' ಎಂಬ ಗುರುತಿತ್ತು. ಮೊದಲ ಹಂತಗಳು ಸುಸೂತ್ರವಾಗಿ ಮುಗಿದದ್ದನ್ನು ಕಂಡ ಲೆಕ್ಕಾಚಾರದ ತಂತ್ರಾಂಶ ಆರನೆಯ ಹಂತಕ್ಕೆ ಬರುವಾಗ ಅದನ್ನು 'ಕಡಿಮೆ ಅಪಾಯ' ಎಂದು ಇಳಿಸಿತ್ತು! ಐದು ಮೆಟ್ಟಿಲು ಜಾರದೆ ಇಳಿದದ್ದರಿಂದ ಆರನೆಯದು ಒಣಗಿದೆ ಎಂದು ತೀರ್ಮಾನಿಸಿದ ಹಾಗೆ. ಜಾಲವನ್ನು ನಿರ್ವಹಿಸುವ ದಾರಿಯೂ ಅದೇ ಜಾಲದ ಮೇಲಿತ್ತು, ಸಿಬ್ಬಂದಿಯ ಫೋನುಗಳೂ ಅದೇ ಸಂಸ್ಥೆಯವು. ಏನಾಗಿದೆಯೆಂದು ತಿಳಿಯುವುದಕ್ಕೇ ಗಂಟೆಗಟ್ಟಲೆ ಹಿಡಿಯಿತು.

ಅಭ್ಯಾಸ ತಪ್ಪಿದ ಕೈ

ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಪ್ರಕಟಿಸಿದ, ಸ್ವಯಂಚಾಲನೆಯ ವ್ಯಂಗ್ಯಗಳನ್ನು ಕುರಿತ ಒಂದು ಪುಟ್ಟ ಪ್ರಬಂಧವಿದೆ. ಅವರು ಬರೆದದ್ದು ಕಾರ್ಖಾನೆಗಳನ್ನು, ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ನೆಟ್‌ವರ್ಕ್ ಲೋಕಕ್ಕೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಬರಹ ನಮಗೆ ಗೊತ್ತಿಲ್ಲ. ಅವರ ವಾದ ಸ್ಥೂಲವಾಗಿ ಹೀಗೆ: ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದರೆ ಮನುಷ್ಯರಿಗೆ ಉಳಿಯುವುದು ಯಂತ್ರದಿಂದಾಗದ ಕಷ್ಟದ ಕೆಲಸ ಮಾತ್ರ. ಆ ಕಷ್ಟದ ಕೆಲಸ ಮಾಡುವ ಕೌಶಲ ಬರುವುದು ಸುಲಭದ ಕೆಲಸವನ್ನು ದಿನವೂ ಮಾಡಿದ್ದರೆ. ಹಾಗಾಗಿ ಯಂತ್ರ ಎಷ್ಟು ಚೆನ್ನಾಗಿ ಕೆಲಸಮಾಡುತ್ತದೋ, ಅದು ಕೈಕೊಟ್ಟ ದಿನ ನಾವು ಅಷ್ಟೇ ಅಸಹಾಯಕರಾಗಿರುತ್ತೇವೆ.

ನೆಟ್‌ವರ್ಕ್ ಕಾಯುವ ಉದ್ಯೋಗಗಳಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿ ಬಂದವರು ಮೊದಲ ಒಂದೆರಡು ವರ್ಷ ಮಾಡುವುದು ಎಚ್ಚರಿಕೆಗಳನ್ನು ನೋಡಿ ವಿಂಗಡಿಸುವುದು, ಪಿಂಗ್ ಮಾಡಿ ನೋಡುವುದು, ಸರಿಹೋಗದಿದ್ದರೆ ಹಿರಿಯರಿಗೆ ದಾಟಿಸುವುದು. ಬೇಸರದ ಕೆಲಸ, ನಿಜ. ಯಂತ್ರ ಮೊದಲು ಕೈಯಿಡುತ್ತಿರುವುದೂ ಇದರ ಮೇಲೆಯೇ. ಆದರೆ ಸಾವಿರ ಸಲ ಸುಳ್ಳು ಎಚ್ಚರಿಕೆ ನೋಡಿದವರಿಗಷ್ಟೇ ನಿಜವಾದದ್ದು ಬಂದಾಗ ಏನೋ ಸರಿಯಿಲ್ಲ ಎನ್ನಿಸುವುದು. ಕೆಳಗಿನ ಮೆಟ್ಟಿಲನ್ನು ತೆಗೆದ ಮೇಲೆ ಮೇಲಿನ ಮೆಟ್ಟಿಲಿಗೆ ಜನ ಎಲ್ಲಿಂದ ಬರುತ್ತಾರೆ ಎನ್ನುವ ಪ್ರಶ್ನೆಗೆ ಈ ಉದ್ಯಮದಲ್ಲಿ ಒಳ್ಳೆಯ ಉತ್ತರ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಣಕು ಆಪತ್ತುಗಳ ಅಭ್ಯಾಸ ಒಂದಿಷ್ಟು ನೆರವಾಗುತ್ತದೆ. ಫೇಸ್‌ಬುಕ್‌ನವರು ಹಿಂದೆ ಅಂಥ ಕವಾಯತು ನಡೆಸಿದ್ದರಿಂದಲೇ, ಎಲ್ಲವನ್ನೂ ಒಮ್ಮೆಲೆ ಶುರುಮಾಡಿದರೆ ವಿದ್ಯುತ್ ವ್ಯವಸ್ಥೆಗೇ ಏಟು ಬೀಳಬಹುದೆಂದು ಅರಿತು ಹಂತಹಂತವಾಗಿ ಸೇವೆಗಳನ್ನು ಎಬ್ಬಿಸಿದರು.

ಇನ್ನುಳಿದ ಎಚ್ಚರಗಳು ಹೇಳುವುದಕ್ಕೆ ಸರಳ, ಆದರೆ ದುಡ್ಡಿನ ಬಾಬತ್ತು. ಯಂತ್ರದ ಒಂದು ತೀರ್ಮಾನ ಒಂದೇ ಸಲಕ್ಕೆ ಇಡೀ ಜಾಲವನ್ನು ಮುಟ್ಟದಂತೆ ಬೇಲಿ ಹಾಕಬೇಕು. ಬದಲಾವಣೆಯನ್ನು ಮೊದಲು ಒಂದು ಮೂಲೆಯಲ್ಲಿ ಮಾಡಿನೋಡಬೇಕು. ಮುಖ್ಯ ಜಾಲ ಸತ್ತಾಗಲೂ ಉಪಕರಣಗಳನ್ನು ತಲುಪಲು ಬೇರೆಯದೇ ಸಣ್ಣ ಜಾಲವೊಂದು ಇರಬೇಕು. ವರ್ಷಗಟ್ಟಲೆ ಬಳಕೆಯಾಗದ ಆ ಜಾಲಕ್ಕೆ ಖರ್ಚುಮಾಡುವುದು ಲೆಕ್ಕಪತ್ರ ನೋಡುವವರಿಗೆ ದಂಡ ಎನಿಸುತ್ತದೆ. ರೋಜರ್ಸ್‌ನ ಸಿಬ್ಬಂದಿಗೆ ಆಪತ್ತಿನ ವೇಳೆ ಬೇಕಾದದ್ದು ಇನ್ನೊಂದು ಕಂಪನಿಯ ಸಿಮ್ ಕಾರ್ಡ್!

ಕೊನೆಗೊಂದು ಮಾತು ನೆಲದಡಿಯ ಗಾಜಿನ ಎಳೆಗಳದು. ಟೆಲಿಫೋನ್ ಕಂಪನಿಗಳ ಮುಖ್ಯ ಫೈಬರ್ ಜಾಲಗಳನ್ನು ಸಾಮಾನ್ಯವಾಗಿ ಉಂಗುರದ ಆಕಾರದಲ್ಲಿ ಹೆಣೆದಿರುತ್ತಾರೆ. ಒಂದು ಕಡೆ ತುಂಡಾದರೆ ಸುಮಾರು 50 ಮಿಲಿಸೆಕೆಂಡಿನಲ್ಲಿ, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಮಾಹಿತಿ ಉಂಗುರದ ಇನ್ನೊಂದು ಬದಿಯಿಂದ ಸುತ್ತಿಕೊಂಡು ಹೋಗುವಂತೆ ಏರ್ಪಾಡಿರುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳಿಗೆ ಇಂಟರ್‌ನೆಟ್ ಒಯ್ಯುವ ಭಾರತ್‌ನೆಟ್‌ನಲ್ಲಿ ಮೊದಲು ಎಷ್ಟೋ ಕಡೆ ಇದ್ದದ್ದು ಉಂಗುರವಲ್ಲ, ಒಂದೇ ಗೆರೆ. 2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಅದನ್ನು ಉಂಗುರವಾಗಿಸಲು ಹೊರಟಿದೆ. ಅಲ್ಲಿಯವರೆಗೆ, ರಸ್ತೆ ಅಗಲಿಸಲು ಬಂದ ಜೆಸಿಬಿ ಆ ಗೆರೆಯನ್ನು ಎಳೆದುಹಾಕಿದರೆ ಎಂಥ ಜಾಣ ತಂತ್ರಾಂಶಕ್ಕೂ ಬದಲಿ ದಾರಿ ಹುಡುಕಲು ಬರುವುದಿಲ್ಲ, ಏಕೆಂದರೆ ದಾರಿಯೇ ಇಲ್ಲ. ಹೇಳದೆ ಕೇಳದೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಅಂದಾಜಿಸಿಯೇ ಕೇಂದ್ರ ಸರಕಾರ 2023ರ ಮಾರ್ಚ್‌ನಲ್ಲಿ, ಅಗೆಯುವ ಮೊದಲು ತಿಳಿಸಿ ಎನ್ನುವ 'ಕಾಲ್ ಬಿಫೋರ್ ಯು ಡಿಗ್' ಆಪ್ ಹೊರತಂದದ್ದು.

ತುಂಡಾದದ್ದು ಎಷ್ಟನೇ ಮೀಟರಿನಲ್ಲಿ ಎನ್ನುವುದನ್ನು ಉಪಕರಣವೇ ಹೇಳುತ್ತದೆ. ಒಂದು ತುದಿಯಿಂದ ಬೆಳಕು ಬಿಟ್ಟು, ಅದು ಪ್ರತಿಫಲಿಸಿ ಮರಳಲು ಎಷ್ಟು ಹೊತ್ತಾಯಿತೆಂದು ಅಳೆದರೆ ಸಾಕು. ಮುಂದಿನದು ರಸ್ತೆಬದಿಯ ಗುಂಡಿಯಲ್ಲಿ ಕೂತವರ ಕೆಲಸ: ಕೇಬಲ್ಲಿನ ಸಿಪ್ಪೆ ಸುಲಿದು, ಕೂದಲಷ್ಟು ಸಪೂರದ ಎಳೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಗಳನ್ನು ನೇರವಾಗಿ ಕತ್ತರಿಸಿ, ಬಣ್ಣ ನೋಡಿ ಜೊತೆಗೂಡಿಸಿ, ಬೆಸೆಯುವ ಯಂತ್ರದೊಳಗೆ ಒಂದೊಂದಾಗಿ ಇಡುವುದು. ಮಳೆ ಬರುತ್ತಿದ್ದರೆ ತಲೆಯ ಮೇಲೊಂದು ಟಾರ್ಪಾಲು.